ಚಿಕ್ಕ ರೈಲು, ದೂರದ ರೈಲು

ತೀರಿಹೋದವರನ್ನು ನೆನೆದಾಗ ಮನಸ್ಸು ಸಾಮಾನ್ಯವಾಗಿ ಮೆತ್ತಗಾಗುತ್ತದೆ. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಇವರನ್ನು ನೆನೆದಾಗ ಮಾತ್ರ ನನಗೆ ಮೊದಲು ಭಯವಾಗುತ್ತದೆ. ಮಿಕ್ಕದ್ದೆಲ್ಲ ಆಮೇಲೆ ಬರುತ್ತದೆ. ಒಳ್ಳೆಯ ಮನುಷ್ಯರೊಬ್ಬರ ನೆನಪಿಗೆ ಭಯ ಏಕೆ ಅಂಟಿಕೊಂಡಿತು ಎಂಬುದನ್ನು ಬರೆದು ನೋಡಬೇಕು ಅನ್ನಿಸಿದೆ.

ಹೋದ ವಾರ ಅವರ ಮಗಳು ಬಂದಿದ್ದಳು. ಸೂತಕವೆಂದು ಒಳಗೆ ಬಾರದೆ ಜಗುಲಿಯಲ್ಲೇ ನಿಂತು, "ಅಪ್ಪ ಹೋಗಿಬಿಟ್ರು ಮಾಮ" ಎಂದಳು. ಆಮೇಲೆ, "ನಮ್ಮನೆ ಆಟದ ರೈಲು ಜ್ಞಾಪಕ ಇದೆಯಾ? ಆ ನೀಲಿ ಬೆಟ್ಟ?" ಎಂದು ಕೇಳಿದಳು. ರೈಲು ಚೆನ್ನಾಗಿ ಜ್ಞಾಪಕವಿದೆ. ಆದರೆ ನನ್ನ ನೆನಪಿನ ಬೆಟ್ಟ ಹಸಿರು. ಹಾಗೆಂದೆ. ಒಳಗಿನಿಂದ ನನ್ನ ಹೆಂಡತಿ ಕೂಗಿ ಹೇಳಿದಳು: "ಮುಂದಿಂದು ಹಸಿರು, ಹಿಂದಿಂದು ನೀಲಿ. ಇಬ್ಬರೂ ಅರ್ಧರ್ಧ ಇಟ್ಕೊಂಡಿದೀರಿ."

ಆದ್ದರಿಂದ ಮುಂದೆ ಬರೆಯುವುದನ್ನೂ ಅರ್ಧ ಎಂದೇ ಓದಬೇಕು. ಆ ವರ್ಷದ ನನ್ನ ದಿನಚರಿ ಈಗಲೂ ಇದೆ. ಅದರಲ್ಲಿ ಈ ವಿಷಯ ಒಂದಕ್ಷರವೂ ಇಲ್ಲ. ಸೀಮೆಎಣ್ಣೆ ಸಿಗಲಿಲ್ಲ ಎಂಬುದು ಇದೆ, ಕಾಲೇಜಿನ ಪ್ರಿನ್ಸಿಪಾಲರ ಮೇಲಿನ ಸಿಟ್ಟು ಇದೆ. ನಿಜವಾಗಿ ಹೆದರಿದ್ದನ್ನು ನಾನು ಬರೆದಿಟ್ಟೇ ಇಲ್ಲ.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಬ್ಲಾಕುಗಳಲ್ಲಿ ಆಗ ಮನೆಗಳಿಗಿಂತ ನಂಬರು ಬರೆದ ಕಲ್ಲುಗಳೇ ಹೆಚ್ಚಾಗಿದ್ದವು. ಗಾಳಿ ಎದ್ದಿತೆಂದರೆ ಖಾಲಿ ಸೈಟುಗಳ ಕೆಮ್ಮಣ್ಣು ಬಂದು ಒಗೆದ ಬಟ್ಟೆಯ ಮೇಲೆ ಕೂರುತ್ತಿತ್ತು. ನಾನು ಚರಿತ್ರೆಯ ಅಧ್ಯಾಪಕನಾಗಿ ಹೊಸದಾಗಿ ಸೇರಿದ್ದೆ, ಮದುವೆಯೂ ಹೊಸದು. ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಅವರು, ಅವರ ಹೆಂಡತಿ, ಶಾಲೆಗೆ ಹೋಗುವ ಈ ಮಗಳು.

ಅವರು ರೈಲ್ವೆಯಲ್ಲಿ ಡ್ರೈವರು. ಕೆಂಗೇರಿ ಕಡೆಯ ಒಕ್ಕಲು ಮನೆಯವರು. ಹುಡುಗನಾಗಿದ್ದಾಗಲೇ ಎಂಜಿನ್ ಒರೆಸುವ ಕೆಲಸಕ್ಕೆ ಶೆಡ್ಡು ಸೇರಿ, ಕಲ್ಲಿದ್ದಲು ಎತ್ತಿಹಾಕುವ ಫೈರ್‌ಮನ್ ಆಗಿ, ಆಮೇಲೆ ಡ್ರೈವರಾದವರು. ಮೈಸೂರಿಗೆ ಹೋಗುವ ಬೆಳಗಿನ ಪ್ಯಾಸೆಂಜರ್ ಅವರದು. ರಸ್ತೆಯವರೆಲ್ಲ ಅವರನ್ನು 'ಡ್ರೈವರ್ ಸಾಹೇಬ್ರು' ಎನ್ನುತ್ತಿದ್ದರು. ಕುಳ್ಳಗೆ, ಗಟ್ಟಿಯಾಗಿದ್ದರು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ನೀಲಿ ಸಮವಸ್ತ್ರ ಹಿತ್ತಲ ತಂತಿಯ ಮೇಲಿದ್ದರೆ ಅವರು ಮನೆಯಲ್ಲಿದ್ದಾರೆ ಎಂದರ್ಥ. ಮಾಗಡಿ ರಸ್ತೆಗೆ ಬಸ್ಸು ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಅವರು ಮಾತ್ರ ಹತ್ತಲಿಲ್ಲ. "ಸ್ಟೀರಿಂಗ್ ಇರೋ ಗಾಡೀನ ನಂಬ್ಬೇಡಿ ಮೇಷ್ಟ್ರೇ. ಎಲ್ಲಿಗೆ ಬೇಕಾದ್ರೂ ಹೋಗ್ಬಿಡತ್ತೆ" ಎನ್ನುತ್ತಿದ್ದರು. ಅದು ತಮಾಷೆಯೇ, ಗಂಭೀರವೇ ಎಂಬುದು ಅವರ ಮುಖದಿಂದ ಗೊತ್ತಾಗುತ್ತಿರಲಿಲ್ಲ.

ಅವರ ನಡುಮನೆಯ ಮುಕ್ಕಾಲು ಪಾಲು ಜಾಗವನ್ನು ಒಂದು ಹಲಗೆ ತಿಂದಿತ್ತು. ಅದರ ಮೇಲೆ ಎರಡು ಆಟದ ರೈಲು. ದೊಡ್ಡದನ್ನು ದಂಡಿನ ಬಂಗಲೆಯೊಂದರ ಹರಾಜಿನಲ್ಲಿ ಕೊಂಡಿದ್ದರು. ಊರು ಬಿಟ್ಟು ಸೀಮೆಗೆ ಹೊರಟ ಇಂಗ್ಲಿಷ್ ದೊರೆಯೊಬ್ಬನ ಮಕ್ಕಳದಂತೆ. ತಗಡಿನದು, ಕೀಲಿ ಕೊಟ್ಟರೆ ಓಡುವಂಥದು. ಚಿಕ್ಕದನ್ನು ಅವರ ಗೆಳೆಯ ಗಾರ್ಡೊಬ್ಬರು ಮುಂಬಯಿಯಿಂದ ತಂದುಕೊಟ್ಟಿದ್ದರು. ಅದು ವಿದ್ಯುತ್ತಿನದು, ಮೋಟಾರಿನ ಹಳೆಯ ಬ್ಯಾಟರಿಯೊಂದಕ್ಕೆ ತಂತಿ ಕಟ್ಟಿ ಓಡಿಸುತ್ತಿದ್ದರು. ದೊಡ್ಡ ರೈಲಿನ ಗೊಂಬೆ ಗಾರ್ಡು ನನ್ನ ಕಿರುಬೆರಳಷ್ಟು ಎತ್ತರ. ಚಿಕ್ಕದರ ಗಾರ್ಡು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಎರಡನ್ನೂ ಒಂದೇ ಹಲಗೆಯ ಮೇಲೆ ಇಡಬೇಕೆಂಬುದು ಅವರ ಹಟ. "ಒಂದು ಮಾರಿ ಇನ್ನೊಂದಿಟ್ಕೊಳಯ್ಯಾ" ಎಂದು ಆ ಗೆಳೆಯ ಗಾರ್ಡು ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

"ಸಿಟಿ ಸ್ಟೇಷನ್ನಲ್ಲಿ ಮದ್ರಾಸಿನ ಅಗಲದ ಹಳಿ, ನಮ್ಮ ಮೈಸೂರಿನ ಸಣ್ಣ ಹಳಿ ಒಂದೇ ಕಡೆ ಇಲ್ವಾ ಮೇಷ್ಟ್ರೇ?"

"ಇವೆ ಸಾರ್. ಆದ್ರೆ ಎರಡು ಗಾಡೀಲೂ ಕೂರೋ ಮನುಷ್ಯರು ಒಂದೇ ಅಳತೆಯವರು."

"ಅದೇ ನೋಡಿ ತೊಂದರೆ" ಎಂದು ತಲೆ ಕೆರೆದುಕೊಂಡರು. ಸಣ್ಣ ಮಕ್ಕಳಂತೆ ನಕ್ಕರು.

ಅವರು ಕಂಡುಕೊಂಡ ಉಪಾಯ ದೂರ. ದೊಡ್ಡ ರೈಲು ಹಲಗೆಯ ಮುಂಭಾಗದಲ್ಲಿ ಓಡಬೇಕು, ಸ್ಟೇಷನ್ ದಾಟಿ, ಗೋಣಿತಾಟಿಗೆ ಮೈದಾ ಅಂಟು ಬಳಿದು ಮಾಡಿದ ಗುಡ್ಡದ ಸುರಂಗದೊಳಕ್ಕೆ ಹೋಗಿ ನಿಲ್ಲಬೇಕು. ಆ ಕ್ಷಣಕ್ಕೆ ಸರಿಯಾಗಿ ಚಿಕ್ಕ ರೈಲು ಹಿಂದಿನ ಬೆಟ್ಟದ ಮೇಲೆ ಕಾಣಿಸಿಕೊಳ್ಳಬೇಕು. ನೋಡುವವರಿಗೆ ಅದೇ ರೈಲು ಊರಾಚೆ ಹೋಗಿ, ದೂರದ ಬೆಟ್ಟವನ್ನು ಬಳಸುತ್ತಿದೆ ಎನ್ನಿಸಬೇಕು. ಅದಕ್ಕಾಗಿ ಹಿಂದಿನ ಮರಗಳನ್ನು ಸಾಸಿವೆಯಷ್ಟು ಸಣ್ಣದು ಮಾಡಿದ್ದರು, ಹಿಂದಿನ ಬೆಟ್ಟಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ತೆಳ್ಳಗೆ ಬಳಿದಿದ್ದರು. ಎರಡು ರೈಲು ಒಟ್ಟಿಗೆ ಕಣ್ಣಿಗೆ ಬೀಳಲೇಬಾರದು ಎಂಬುದು ಕಟ್ಟುನಿಟ್ಟು. ನೋಡಲು ಬಂದವರು ಒಂದು ನಿರ್ದಿಷ್ಟ ಮಣೆಯ ಮೇಲೆ ಕೂರಬೇಕಿತ್ತು. "ತಲೆ ಅಲ್ಲಾಡಿಸ್ಬೇಡಿ" ಎಂದು ಆಜ್ಞೆ ಮಾಡಿ ರೈಲು ಬಿಡುತ್ತಿದ್ದರು. ಆಮೇಲೆ ಬೆಟ್ಟದ ಕಡೆ ಬೆರಳು ತೋರಿಸಿ, "ಎಷ್ಟು ದೂರ ಇದ್ದಂಗಿದೆ?" ಎನ್ನುತ್ತಿದ್ದರು.

"ಬಹಳ ದೂರ" ಎನ್ನುತ್ತಿದ್ದೆವು ಎಲ್ಲರೂ. ನಾನೂ ಅಂದಿದ್ದೇನೆ. ಹಾಗೆ ಕಂಡಿತ್ತೋ, ಮಣೆ ಹಾಕಿ ಕೂರಿಸಿದವರ ಮನಸ್ಸು ನೋಯಿಸಬಾರದೆಂದು ಅಂದೆನೋ, ಈಗ ಹೇಳಲಾರೆ. ಎರಡನೆಯದೇ ಇರಬೇಕು.

ಆ ಸಲದ ದಸರಾಕ್ಕೆ ಅವರ ಮನೆಯಲ್ಲಿ ಒಂದು ಜಗಳವಾಯಿತು. ಗೊಂಬೆ ಕೂರಿಸಲು ಜಾಗವಿಲ್ಲವೆಂದು ಅವರ ಹೆಂಡತಿ ಪಟ್ಟದ ಗೊಂಬೆಗಳನ್ನು ಗೋಡೆಯ ಬದಿಯ ಮೆಟ್ಟಿಲ ಮೇಲಿಟ್ಟು, ಉಳಿದದ್ದನ್ನು ರೈಲಿನ ಹಲಗೆಯ ಮೇಲೆಯೇ ಸಾಲಾಗಿ ಇಟ್ಟುಬಿಟ್ಟರು. ಅಂಗಡಿಯ ಶೆಟ್ಟಿ ತನ್ನ ಹೊಟ್ಟೆಯ ಸಮೇತ ಸ್ಟೇಷನ್ನಿನ ಪಕ್ಕ ಕುಳಿತಿದ್ದ.

"ಲೇ, ಆ ಶೆಟ್ಟಿ ಎದ್ದು ನಿಂತ್ರೆ ಸ್ಟೇಷನ್ ಚಾವಣಿ ಹಾರೋಗತ್ತೆ ಕಣೇ!"

"ಅವನು ಎಲ್ಲಿ ಎದ್ದು ನಿಲ್ತಾನ್ರೀ, ನಮ್ಮಜ್ಜಿ ಕಾಲದಿಂದ ಕೂತೇ ಇದಾನೆ. ಗೊಂಬೆ ಹಬ್ಬದಲ್ಲಿ ಅಳತೆ ನೋಡ್ತಾರಾ ಯಾರಾದ್ರೂ?"

ಆಕೆ ಹೇಳಿದ್ದು ನಿಜ. ಗೊಂಬೆ ನೋಡಲು ಬರುವವರು ಹಸುವಿಗಿಂತ ದೊಡ್ಡ ಗಿಳಿಯನ್ನೂ, ರಾಜನ ಮೊಣಕಾಲಿಗೆ ಬರುವ ಅರಮನೆಯನ್ನೂ ಏನೂ ಅನ್ನದೆ ನೋಡಿ, ಚರಪಿನ ತಿಂಡಿ ತೆಗೆದುಕೊಂಡು ಹೋಗುತ್ತಾರೆ. ಕೊನೆಗೆ ಶೆಟ್ಟಿ ಮೆಟ್ಟಿಲಿಗೆ ಹೋದ, ರೈಲು ಉಳಿಯಿತು. ಸಂಜೆ ರಸ್ತೆಯ ಹೆಂಗಸರೆಲ್ಲ ಬಂದರು. ನನ್ನ ಹೆಂಡತಿಯೂ ಹೋದಳು, ಜೊತೆಗೆ ನಾನೂ.

ಅವಳು ಆಗ ಬಸುರಿ, ಚೊಚ್ಚಲು. ಸೀಮಂತವಾಗಿತ್ತು. ಹಬ್ಬ ಮುಗಿದ ಮೇಲೆ ಹೆರಿಗೆಗೆ ಮೈಸೂರಿನ ತವರಿಗೆ ಹೋಗುವುದೆಂದು ಅವಳ ತಂದೆ ದಿನ ನೋಡಿ ಬರೆದಿದ್ದರು. "ಬೇರೆ ಗಾಡಿ ಯಾಕೆ? ನಾನೇ ಕರ್ಕೊಂಡು ಹೋಗ್ತೀನಿ ತಾಯಿ" ಎಂದು ಡ್ರೈವರ್ ಸಾಹೇಬ್ರು ಮಾತು ಕೊಟ್ಟಿದ್ದರು. ನನಗೂ ಅದು ಧೈರ್ಯದ ಮಾತಾಗಿತ್ತು.

ಅವಳನ್ನು ಮಣೆಯ ಬದಲು ಕುರ್ಚಿಯ ಮೇಲೆ ಕೂರಿಸಿ ರೈಲು ಬಿಟ್ಟರು. ದೊಡ್ಡದು ಸುರಂಗ ಹೊಕ್ಕಿತು. ಚಿಕ್ಕದು ಬೆಟ್ಟದ ಮೇಲೆ ಬಂತು.

"ಎಷ್ಟು ದೂರ ಇದ್ದಂಗಿದೆಯಮ್ಮಾ?"

ಅವಳು ನೇರವಾಗಿ, "ದೂರ ಎಲ್ಲಿದೆ? ಇಲ್ಲೇ ಹಿಂದೆ ಇದೆ. ತಾಯಿ ರೈಲು ಒಳಗೆ ಹೋಯ್ತು, ಮರಿ ರೈಲು ಆಚೆ ಬಂತು" ಎಂದಳು.

ಹೆಂಗಸರು ನಕ್ಕರು. ಬಸುರಿಯ ಬಾಯಲ್ಲಿ ಬಂದ ಮಾತೆಂದು ಅವರ ಹೆಂಡತಿ ದೃಷ್ಟಿ ತೆಗೆದಂತೆ ಮಾಡಿದರು. ಅವರೂ ನಗಲು ನೋಡಿದರು. "ಸರಿಯಾಗಿ ನೋಡಮ್ಮಾ, ತಲೆ ಅಲ್ಲಾಡಿಸ್ದೆ" ಎಂದು ಇನ್ನೊಮ್ಮೆ ಬಿಟ್ಟರು. ಅವಳು ನೋಡಿ, ಪಾಪವೆನಿಸಿ ಇರಬೇಕು, ಕಣ್ಣು ಕೆಳಗೆ ಮಾಡಿದಳು. ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದರು. ಯಾವುದೋ ಒಂದು ವಿಷಯ ಇಷ್ಟು ದಿನ ತಮಗೊಬ್ಬರಿಗೇ ಗೊತ್ತಿರಲಿಲ್ಲವೇನೋ ಎಂಬಂತೆ ನೋಡಿದರು. ಆಮೇಲೆ ಬ್ಯಾಟರಿಯ ತಂತಿ ಕಿತ್ತು, ಹಿತ್ತಲಿಗೆ ಹೋದರು.

ಈಗ ನನಗೆ ಕೆಲವು ವಿಷಯ ನೆನಪಾಗುತ್ತವೆ. ಅವರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಮೊಳದೆತ್ತರದಿಂದ ಸುರಿದು ಆರಿಸುತ್ತಿದ್ದವರು, ಆ ವರ್ಷ ಲೋಟದ ಅಂಚನ್ನು ಬಟ್ಟಲಿಗೆ ತಾಗಿಸಿ ಸುರಿಯತೊಡಗಿದ್ದರು. ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಕತ್ತಿನ ಜೊತೆ ಎದೆಯನ್ನೂ ತಿರುಗಿಸುತ್ತಿದ್ದರು. ಗೇಟಿನ ಕಂಬವನ್ನು ಕೈಯಿಂದ ಮುಟ್ಟಿ ಒಳಗೆ ಬರುತ್ತಿದ್ದರು. ಇವನ್ನೆಲ್ಲ ಆಗಲೇ ನೋಡಿದ್ದೆನೋ, ಆಮೇಲೆ ಕೇಳಿದ್ದನ್ನೆಲ್ಲ ಜೋಡಿಸಿಕೊಂಡು, ನೋಡಿದ್ದೆನೆಂದು ನಂಬಿದ್ದೇನೋ? ಕಾಫಿಯ ವಿಷಯವೊಂದನ್ನು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ.

ಆಯುಧಪೂಜೆಯ ಮಧ್ಯಾಹ್ನ ಅವರೇ ಗೋಡೆ ತಟ್ಟಿ ಕರೆದರು. ಬೆಳಿಗ್ಗೆ ಶೆಡ್ಡಿನಲ್ಲಿ ಎಂಜಿನ್ನುಗಳಿಗೆ ಪೂಜೆ ಮಾಡಿ ಬಂದಿದ್ದರು. ತೋಳಿನ ಮೇಲೆ ಕುಂಕುಮವಿತ್ತು.

"ಬನ್ನಿ ಮೇಷ್ಟ್ರೇ. ಪುಸ್ತಕಕ್ಕೆ ಪೂಜೆ ಆಯ್ತಾ?"

"ಆಯ್ತು ಸಾರ್. ಇವತ್ತು ಓದೋ ಹಾಗಿಲ್ಲ, ಅದೇ ಸಂತೋಷ."

ಆಟದ ರೈಲುಗಳಿಗೂ ಪೂಜೆಯಾಗಿತ್ತು. ಗಾಲಿಗೆ ನಿಂಬೆಹಣ್ಣು ಇಡಬೇಕಲ್ಲ, ದೊಡ್ಡ ಎಂಜಿನ್ನಿಗೆ ಸುಂಡೆಕಾಯಿ ಇಟ್ಟಿದ್ದರು, ಚಿಕ್ಕದಕ್ಕೆ ಕಾಳುಮೆಣಸು. "ಅಳತೆ ತಪ್ಪಬಾರದು" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಹಿಂದಿನ ಬೆಟ್ಟಕ್ಕೆ ಇನ್ನಷ್ಟು ನೀಲಿ ಬಳಿದಿದ್ದರು, ಮರಗಳನ್ನು ಕಿತ್ತು ಇನ್ನೂ ಸಣ್ಣವನ್ನು ನೆಟ್ಟಿದ್ದರು.

"ನಿಮ್ಮ ಮನೆಯವರು ಅವತ್ತು ಹೇಳಿದ್ರಲ್ಲ... ಈಗ ನೋಡಿ. ಮುಲಾಜು ಬೇಡ."

ಮಣೆಯ ಮೇಲೆ ಕುಳಿತೆ. ಮುಂದಿನ ಗುಡ್ಡದ ಮೇಲೆ ಹಸಿರು ಬಣ್ಣದ ಮರದ ಹೊಟ್ಟನ್ನು ಉದುರಿಸಿ, ಹೆಚ್ಚಾದದ್ದನ್ನು ಅವರು ಬಾಯಿಂದ ಊದಿದರು. ಅದರ ಒಂದು ಚೂರು ನನ್ನ ಕಣ್ಣಿಗೆ ಬಿತ್ತು. ಉರಿ. ಕರ್ಚೀಫಿನಿಂದ ಆ ಕಣ್ಣನ್ನು ಒತ್ತಿ ಹಿಡಿದುಕೊಂಡೆ. ಅಷ್ಟರಲ್ಲಿ ಅವರು ರೈಲು ಬಿಟ್ಟಾಗಿತ್ತು. ದೊಡ್ಡದು ಒಳಗೆ ಹೋಯಿತು. ಬೆಟ್ಟದ ಮೇಲೆ ಚಿಕ್ಕದು ಬಂತು. ಬಂದದ್ದು ಆಟದ ರೈಲಲ್ಲ. ಗೋಡೆಯೇ ಇಲ್ಲದಂತಾಗಿ, ಎಷ್ಟೋ ದೂರದಲ್ಲಿ, ಕೆಂಗೇರಿಯಿಂದಾಚೆಯ ಗುಡ್ಡಗಳ ಸಾಲಿನಲ್ಲಿ ಒಂದು ನಿಜವಾದ ರೈಲು ನಿಧಾನಕ್ಕೆ ಹೋಗುತ್ತಿತ್ತು. ಕರ್ಚೀಫು ತೆಗೆದೆ, ಆಟದ ಸಾಮಾನು, ಕೈಗೆ ಸಿಗುವಷ್ಟು ಹತ್ತಿರ. ಮುಚ್ಚಿದೆ, ಮತ್ತೆ ದೂರ.

"ಸಾರ್!" ಎಂದು ಕೂಗಿಯೇಬಿಟ್ಟೆ. "ಒಂದು ಕಣ್ಣು ಮುಚ್ಚಿದ್ರೆ ನೀವು ಹೇಳಿದ ಹಾಗೇ ಕಾಣತ್ತೆ! ಬಂದೋರಿಗೆಲ್ಲ ಒಂದು ಕಣ್ಣು ಮುಚ್ಕೊಳಿ ಅಂತ ಹೇಳ್ಬಿಡಿ, ಮುಗೀತು."

ಅವರ ಕಷ್ಟಕ್ಕೆ ಪರಿಹಾರ ಕಂಡುಹಿಡಿದೆನೆಂದು ಹಿಗ್ಗಿ ಹೇಳಿದೆ. ಅವರ ಮುಖ ನೋಡಿದ ಮೇಲೆ ನನ್ನ ಹಿಗ್ಗು ಇಳಿಯಿತು.

"ಎರಡೂ ಬಿಟ್ರೆ?" ಎಂದು ಮೆಲ್ಲಗೆ ಕೇಳಿದರು.

"ಹತ್ತಿರ ಬಂದ್ಬಿಡತ್ತೆ ಸಾರ್."

ಅವರು ನೆಲದ ಮೇಲೆ ನನ್ನ ಪಕ್ಕ ಕುಳಿತರು. ಬಲಗೈಯನ್ನು ಎತ್ತಿ ಬಲಗಣ್ಣನ್ನು ಮುಚ್ಚಿಕೊಂಡರು. ಹಾಗೆಯೇ ಹಲಗೆಗೆ ಮುಖ ಮಾಡಿ ಕುಳಿತರು. ಚಿಕ್ಕ ರೈಲು ಸುತ್ತುತ್ತಲೇ ಇತ್ತು.

"ರೈಲು ಓಡ್ತಾ ಇದೆಯಾ ಮೇಷ್ಟ್ರೇ?"

"ಓಡ್ತಾ ಇದೆ ಸಾರ್."

"ಸದ್ದು ಕೇಳಿಸ್ತಾ ಇದೆ" ಎಂದರು.

ನನಗೆ ಅರ್ಥವಾಯಿತು. ಅರ್ಥವಾಗಬಾರದಿತ್ತು ಎನ್ನಿಸಿತು. ಈ ಮನುಷ್ಯ ನಾಳೆ ಬೆಳಿಗ್ಗೆ ಎಂಜಿನ್ ಹತ್ತುತ್ತಾರೆ. ಹಿಂದೆ ಡಬ್ಬಿಗಳ ತುಂಬ ಜನ. ಮುಂದಿನ ವಾರ ಅದರಲ್ಲೊಬ್ಬಳು ನನ್ನ ಹೆಂಡತಿ, ಅವಳ ಹೊಟ್ಟೆಯಲ್ಲೊಂದು ಜೀವ.

ಕೈ ಇಳಿಸದೆಯೇ ಅವರು ಮಾತಾಡಿದರು. ಎಡಗಣ್ಣು ಮಂಜಾಗತೊಡಗಿ ಬಹಳ ಕಾಲವಾಗಿತ್ತಂತೆ. ಸಿಗ್ನಲ್ ನೋಡಲು ಒಂದು ಕಣ್ಣು ಸಾಕು, ಕೆಂಪು ಕೆಂಪೇ, ಹಸಿರು ಹಸಿರೇ ಎಂದುಕೊಂಡಿದ್ದರು. ಕಣ್ಣಿನ ಪರೀಕ್ಷೆಯ ಹಲಗೆಯ ಅಕ್ಷರಗಳೆಲ್ಲ ಬಾಯಿಪಾಠವಾಗಿದ್ದವು. ಬಲಗಣ್ಣು ಮುಚ್ಚಿಸಿದಾಗ ಗಿಳಿಯಂತೆ ಒಪ್ಪಿಸಿ ಬಂದಿದ್ದರು. ಇನ್ನೊಂದು ಪರೀಕ್ಷೆ ಬರುವ ಹೊತ್ತಿಗೆ ಪೆನ್ಷನ್ನು.

"ಬೆಳಕು ಕಮ್ಮಿ ಆಗಿದೆ ಅಂದ್ಕೊಂಡಿದ್ದೆ. ದೂರ ಅನ್ನೋದೇ ಹೋಗ್ಬಿಟ್ಟಿದೆ ಅಂತ ಗೊತ್ತಿರಲಿಲ್ಲ." ಆಮೇಲೆ ಹೇಳಿದರು: "ಗಣೇಶನ ಹಬ್ಬದ ಹಿಂದುಮುಂದು, ಎಂಜಿನ್ನು ತಂದು ಗಾಡಿಗೆ ತಗುಲಿಸ್ತಾ ಇದ್ದೆ. ಇನ್ನೂ ಜಾಗ ಇದೆ ಅಂತ ಬಿಟ್ಟೆ. ಇರಲಿಲ್ಲ. ಡಬ್ಬೀಲಿ ಒಬ್ಬಳು ಮುದುಕಿ ಬೆಂಚಿನಿಂದ ಬಿದ್ದು ಹಣೆ ಒಡ್ಕೊಂಡಳು. ಹಳಿ ಒದ್ದೆ ಇತ್ತು, ಜಾರ್ತು ಅಂದೆ. ಎಲ್ಲಾರೂ ನಂಬಿದ್ರು. ನಾನೂ ನಂಬಿದ್ದೆ ಮೇಷ್ಟ್ರೇ, ಇವತ್ತಿನವರೆಗೂ."

"ಆಸ್ಪತ್ರೆಗೆ ಹೋಗ್ಬೇಕು ಸಾರ್ ನೀವು."

"ಹೋದ್ರೆ ಎಂಜಿನ್ನಿಂದ ಇಳಿಸ್ತಾರೆ. ಶೆಡ್ಡಿನ ಮೂಲೇಲಿ ಕೂತು ಲಾಂದ್ರ ಒರೆಸೋ ಮುದುಕ ಆಗ್ತೀನಿ." ಕೈ ಇಳಿಸಿ ನನ್ನನ್ನು ನೋಡಿದರು. "ಮನೇಲಿ ಹೇಳ್ತೀರಾ?"

"ಹೇಳ್ತೀನಿ ಸಾರ್. ಅವಳು ನಿಮ್ಮ ಗಾಡೀಲಿ ಹೋಗೋಳು."

"ಹೇಳಿ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೆಂಡತಿಗೆ ಹೇಳಿದೆ. ಬೇರೆ ದಿನ, ಬೇರೆ ಗಾಡಿ, ಬೇಕಾದರೆ ಬಸ್ಸು ಎಂದು ನನ್ನ ಬಾಯಿ ಏನೇನೋ ಆಡಿತು. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ನಾನೊಬ್ಬಳು ಬಸ್ಸಲ್ಲಿ ಹೋಗ್ಬಿಟ್ರೆ ಆಯ್ತಾ? ಆ ಗಾಡೀಲಿ ಬೇರೆ ಯಾರೂ ಬಸುರಿಯರು ಇರಲ್ವಾ?"

"ಅವರಿಗೆ ಯೋಚನೆ ಮಾಡಕ್ಕೆ ನಾಲ್ಕು ದಿನ ಬೇಕಲ್ವಾ" ಎಂದೆ.

"ಆ ನಾಲ್ಕು ದಿನ ಗಾಡಿ ನಿಂತಿರತ್ತಾ?"

ಮರುದಿನ ಬೆಳಿಗ್ಗೆ ಅವರ ಬಾಗಿಲ ಚಿಲಕದ ಸದ್ದಾಯಿತು. ಕಿಟಕಿಯಿಂದ ನೋಡಿದೆ. ನೀಲಿ ಸಮವಸ್ತ್ರ, ಕೈಯಲ್ಲಿ ಡ್ರೈವರುಗಳ ಕಪ್ಪು ತಗಡಿನ ಪೆಟ್ಟಿಗೆ, ಎಂದಿನ ನಡಿಗೆ. ಗೇಟಿನ ಕಂಬವನ್ನು ಮುಟ್ಟಿ ದಾಟಿದರು. ಅದರ ಮರುದಿನವೂ ಹಾಗೆಯೇ ಹೋದರು. ನಾನು ಅವರನ್ನು ತಡೆದು ಕೇಳಲು ಹೊರಗೆ ಬಂದರೆ ಅವರು ತಿರುಗಿ ನೋಡದೆ ಹೆಜ್ಜೆ ಬಿರುಸು ಮಾಡುತ್ತಿದ್ದರು. ಆ ದಿನಗಳಲ್ಲಿ ಮಲ್ಲೇಶ್ವರದ ಕಡೆಯಿಂದ ಎಂಜಿನ್ ಸಿಳ್ಳೆ ಗಾಳಿಯಲ್ಲಿ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದೆ. ಅದು ತುಮಕೂರಿನ ದಾರಿ, ಅವರದಲ್ಲ ಎಂದು ಗೊತ್ತಿದ್ದೂ ನಿಲ್ಲುತ್ತಿದ್ದೆ. ತರಗತಿಯಲ್ಲಿ ಯುದ್ಧವೊಂದರ ಪಾಠ ಮಾಡುತ್ತ, ಸತ್ತವರ ಲೆಕ್ಕ ಹೇಳದೆ ಪುಟ ತಿರುಗಿಸಿದೆ. ಸಂಜೆ ಪಕ್ಕದ ಮನೆಯಲ್ಲಿ ಅವರ ಕೆಮ್ಮು ಕೇಳಿದ ಮೇಲೆಯೇ ನಾವು ಊಟಕ್ಕೆ ಕೂರುತ್ತಿದ್ದುದು. ಇವತ್ತು ಏನೂ ಆಗಿಲ್ಲ. ನಾಳೆ?

ಹೊರಡುವ ದಿನ ಬಂತು. ರಾಹುಕಾಲಕ್ಕೆ ಮುಂಚೆ ಹೊಸಿಲು ದಾಟಿ, ಜಟಕಾ ಮಾಡಿಕೊಂಡು ಸಿಟಿ ಸ್ಟೇಷನ್ ಸೇರಿದೆವು. ಪಕ್ಕದ ಮನೆಗೆ ಹೇಳಿ ಬರಲು ಹೋದಾಗ ಅವರು ಆಗಲೇ ಹೊರಟಾಗಿತ್ತು. ನಾನು ನಿಶ್ಚಯ ಮಾಡಿಕೊಂಡಿದ್ದೆ: ಎಂಜಿನ್ನಿನ ಮೇಲೆ ಅವರೇ ಇದ್ದರೆ, ನೇರವಾಗಿ ಸ್ಟೇಷನ್ ಮಾಸ್ಟರರ ಕೋಣೆಗೆ ಹೋಗಿ ಹೇಳುವುದು. ಅವರು ಇನ್ನು ಜನ್ಮದಲ್ಲಿ ಮಾತಾಡಿಸದಿದ್ದರೂ ಸರಿ.

ಗಾಡಿ ನಿಂತಿತ್ತು, ಎಂಜಿನ್ ಇನ್ನೂ ಬಂದಿರಲಿಲ್ಲ. ಮೂರನೇ ತರಗತಿಯ ಬೆಂಚಿನ ಮೇಲೆ ಅವಳನ್ನು ಕೂರಿಸಿದೆ. ದೂರದಿಂದ ಹಿಮ್ಮುಖವಾಗಿ ಬರುವ ಎಂಜಿನ್ನಿನ ಸದ್ದು ಕೇಳಿತು. ಅವಳು ಎರಡು ಕೈಯಲ್ಲೂ ಬೆಂಚಿನ ಹಲಗೆಯನ್ನು ಹಿಡಿದಳು. ನಾನು ಅವಳ ಮುಂದೆ ತೋಳು ಅಡ್ಡ ಇಟ್ಟು, ಕಾಲು ಊರಿ ನಿಂತೆ. ಎದುರು ಕುಳಿತಿದ್ದ ಬುಟ್ಟಿಯ ಹೆಂಗಸು, "ಯಾಕ್ರಣ್ಣಾ, ಏನಾಯ್ತು?" ಎಂದಳು. ಏನೆಂದು ಹೇಳುವುದು? ಸದ್ದು ಹತ್ತಿರವಾಯಿತು. ಇನ್ನೂ ಹತ್ತಿರ.

ಮೆಲ್ಲನೆಯ ಒಂದು ತಾಗು. ಬುಟ್ಟಿಯ ಮೇಲಿನ ಎಲೆ ಕೂಡ ಅಲುಗಲಿಲ್ಲ.

ಧುಮುಕಿ, ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಓಡಿದೆ. ಎಂಜಿನ್ನಿನಲ್ಲಿ ನನಗೆ ಗುರುತಿಲ್ಲದ ಎಳೆಯ ಡ್ರೈವರೊಬ್ಬ ಮುಖ ಒರೆಸಿಕೊಳ್ಳುತ್ತಿದ್ದ.

"ಹುಡುಗ ಚೆನ್ನಾಗಿ ತಗುಲಿಸ್ದ, ಅಲ್ವಾ?"

ಹಿಂದೆ ಅವರು ನಿಂತಿದ್ದರು. ಬಿಳಿ ಪಂಚೆ, ಕರಿ ಕೋಟು. ಸಮವಸ್ತ್ರವಿಲ್ಲದೆ ಅವರನ್ನು ಬೀದಿಯಲ್ಲಿ ಕಂಡದ್ದು ಕಡಿಮೆ; ಯಾರದೋ ಮದುವೆಗೆ ಬಂದವರಂತಿದ್ದರು. ಕೈಯಲ್ಲಿ ಒಂದು ಟಿಕೆಟ್ಟು.

"ವಿಜಯದಶಮಿ ದಿನವೇ ಆಸ್ಪತ್ರೆ ಬಾಗಿಲಿಗೆ ಹೋದೆ ಮೇಷ್ಟ್ರೇ. ರಜ. ಮಾರನೇ ದಿನ ಬಾ ಅಂದ್ರು. ಆ ಹೊತ್ತಿಂದ ಎಂಜಿನ್ ಹತ್ತಿಲ್ಲ. ಡಾಕ್ಟರು ಬಲಗಣ್ಣು ಮುಚ್ಕೊಂಡು ಓದು ಅಂದ್ರು. ಸಾರ್, ಈ ಅಕ್ಷರ ಬಾಯಿಪಾಠ ಇದೆ, ಬೇರೆ ಹಲಗೆ ಇದ್ರೆ ಹಾಕಿ ಅಂದೆ."

"ಮತ್ತೆ ದಿನಾ ಸಮವಸ್ತ್ರ ಹಾಕ್ಕೊಂಡು..."

"ಮನೇಲಿ ಹೇಳೋ ಧೈರ್ಯ ಇನ್ನೂ ಬಂದಿಲ್ಲ. ಸ್ಟೇಷನ್ನಿಗೆ ಬಂದು ಕೂತಿರ್ತಿದ್ದೆ. ಇವತ್ತು ಮಾತ್ರ ರಜ ಹಾಕಿದೀನಿ ಅಂತ ಹೇಳಿ ಬಂದೆ." ಆಮೇಲೆ ಗಡುಸಾಗಿ, "ನಡೀರಿ, ಗಾಡಿ ಹೊರಡತ್ತೆ. ನಾನೇ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದೀನಿ" ಎಂದರು.

ಮುಂದೆ ಅವರಿಗೆ ಶೆಡ್ಡಿನಲ್ಲೇ ಕೆಲಸ ಕೊಟ್ಟರು. ನಿವೃತ್ತಿಯವರೆಗೂ ಅಲ್ಲೇ ಇದ್ದರು. ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು, ಪ್ರಯೋಜನವಾಗಲಿಲ್ಲ. ಹಲಗೆಯನ್ನು ಬಿಚ್ಚಿ ದೊಡ್ಡ ರೈಲನ್ನು ಮಗಳಿಗೆ, ಚಿಕ್ಕದನ್ನು ಗಾರ್ಡಿಗೆ ವಾಪಸು ಕೊಟ್ಟರಂತೆ. ನಾವು ಆಗಲೇ ಗೋವಿಂದರಾಜನಗರದ ಕಡೆ ಮನೆ ಬದಲಾಯಿಸಿದ್ದೆವು. ಅದೆಲ್ಲ ಕೇಳಿ ತಿಳಿದದ್ದು. ಕಣ್ಣಾರೆ ಕಂಡದ್ದು ಆ ದಿನದ ಪ್ರಯಾಣ.

ಅವರು ನನ್ನ ಹೆಂಡತಿಯ ಎದುರಿನ ಬೆಂಚಿನಲ್ಲಿ, ಕಿಟಕಿಯ ಬಳಿ ಕುಳಿತರು. ಗಾಡಿ ಹೊರಟಿತು. ನನಗೆ ಇಷ್ಟು ದಿನದ ಭಾರ ಇಳಿದು ಮೈ ಹಗುರವಾಗಿತ್ತು, ಏನೇನೋ ಹರಟಿದೆ. ಅವರು ಕೇಳುತ್ತಿರಲಿಲ್ಲ. ಕಿಟಕಿಯ ಸರಳನ್ನು ಹಿಡಿದ ಕೈಯ ಗೆಣ್ಣುಗಳು ಬೆಳ್ಳಗಾಗಿದ್ದವು. ತಿರುವು ಬಂದಾಗಲೆಲ್ಲ ಅವರ ಇನ್ನೊಂದು ಕೈ ಅಲ್ಲಿಲ್ಲದ ಬ್ರೇಕಿನ ಹಿಡಿಯನ್ನು ಎಳೆಯುತ್ತಿತ್ತು. ಹಣೆಯ ಮೇಲೆ ಬೆವರು.

"ಕಿಟಕಿ ಪೂರಾ ತೆಗೀಲಾ?" ಎಂದು ನನ್ನ ಹೆಂಡತಿ ಕೇಳಿದಳು.

"ಬೇಡಮ್ಮ."

ಅವರು ಡಬ್ಬಿಯ ಒಳಗೆ ಕಣ್ಣಾಡಿಸಿದರು. ಕತ್ತಿನ ಜೊತೆ ಎದೆಯನ್ನೂ ತಿರುಗಿಸಿ ನೋಡಿದರು. ಬುಟ್ಟಿಯ ಹೆಂಗಸು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕೆಳಗೆ ಯಾರೋ ಸೀರೆ ಹಾಸಿ ಮಗುವನ್ನು ಮಲಗಿಸಿದ್ದರು. ರೈತನೊಬ್ಬ ಪಕ್ಕದವನ ಹೆಗಲಿಗೆ ತಲೆ ಇಟ್ಟಿದ್ದ. ಆ ಪಕ್ಕದವನೂ ತೂಕಡಿಸುತ್ತಿದ್ದ.

"ಯಾರು ಓಡಿಸ್ತಿದಾನೆ ಅಂತ ಒಬ್ಬರಾದ್ರೂ ಕೇಳಿದಾರಾ, ನೋಡಿ" ಎಂದರು.

"ನಾವು ಕೇಳಿದ್ವಿ" ಎಂದಳು ನನ್ನ ಹೆಂಡತಿ.

ಅವರು ಅವಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ ಮಾತನ್ನು ಕೆಂಗೇರಿ ದಾಟಿದ ಮೇಲೆ ಹೇಳಿದರೆಂದು ನಾನು ನಂಬಿದ್ದೇನೆ. ಬಿಡದಿಯ ಹತ್ತಿರ ಎನ್ನುತ್ತಾಳೆ ಅವಳು. ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ.

"ನನಗೆ ಭಯ ಆಗ್ತಿದೆ ಕಣಮ್ಮ. ಹಿಂದೆ ಜನ ಇರ್ತಾರೆ ಅಂತ ಗೊತ್ತಿತ್ತು. ಹೀಗೆ ನಿದ್ದೆ ಮಾಡ್ತಾ ಇರ್ತಾರೆ ಅಂತ ಗೊತ್ತಿರಲಿಲ್ಲ."

ಮದ್ದೂರು ಬರುವ ಹೊತ್ತಿಗೆ ನನ್ನ ಹೆಂಡತಿಯೂ ನಿದ್ದೆ ಹೋದಳು. ಅವರು ಮೈಸೂರಿನವರೆಗೂ ಸರಳು ಬಿಡದೆ ಎಚ್ಚರವಾಗಿ ಕುಳಿತಿದ್ದರು.